ಐರಿಷ್‌ನಲ್ಲಿ ದಿಕ್ಕು ಹೇಳೋದನ್ನು ನಾನು ಕಲಿತ ಬಗೆ

ಐರ್ಲೆಂಡಿನ ಭಾಷೆ ಐರಿಷ್‌ನಲ್ಲಿ ದಿಕ್ಕು ನಾಲ್ಕೇ, ಆದರೆ ಪದ ಹನ್ನೆರಡು. ಪಶ್ಚಿಮದಲ್ಲಿ ಇದ್ದರೆ 'ಹೀಅರ್', ಪಶ್ಚಿಮಕ್ಕೆ ಹೊರಟರೆ 'ಶೀಅರ್', ಪಶ್ಚಿಮದಿಂದ ಬಂದರೆ 'ಅನೀಅರ್'. ಪೂರ್ವಕ್ಕೆ ಹಾಗೇ 'ಹೊರ್', 'ಸೊರ್', 'ಅನೊರ್'. ಕನ್ನಡದವರು ಇದಕ್ಕೆ ಹೆದರಬೇಕಿಲ್ಲ. ಪಶ್ಚಿಮದಲ್ಲಿ, ಪಶ್ಚಿಮಕ್ಕೆ, ಪಶ್ಚಿಮದಿಂದ ಅಂತ ನಾವೂ ಹೇಳ್ತೀವಿ, ಅಲ್ವಾ? ನಮ್ಮಲ್ಲಿ ಪದದ ಕೊನೆ ಬದಲಾಗುತ್ತದೆ, ಅವರಲ್ಲಿ ಮೊದಲು.

ನಾನು ಪಟ್ಟಿ ಉರು ಹೊಡೆಯಲಿಲ್ಲ. ನಕ್ಷೆಯಲ್ಲಿ ಒಂದೇ ರಸ್ತೆ ಆರಿಸಿಕೊಂಡೆ. ಐರ್ಲೆಂಡಿನ ಗಾಲ್ವೇ ನಗರದಿಂದ ಕೊಲ್ಲಿಯ ದಡ ಹಿಡಿದು, ಪಶ್ಚಿಮದಲ್ಲಿರುವ ಸ್ಪಿಡಲ್ ಊರಿನ ಕಡೆ ಹೋಗುವ ರಸ್ತೆ ಅದು. ಗಾಲ್ವೇ ಮೇಲೆ ಬೆರಳಿಟ್ಟರೆ ಸ್ಪಿಡಲ್ 'ಹೀಅರ್'. ಬೆರಳು ಅತ್ತ ಜರುಗಿದರೆ 'ಶೀಅರ್'. ಅಲ್ಲಿ ಮುಟ್ಟಿದ ಮೇಲೆ ನಾನು ಗಾಲ್ವೇಯಿಂದ 'ಅನೊರ್' ಬಂದವನು, ವಾಪಸ್ ಹೊರಟರೆ 'ಸೊರ್'. ಪ್ರತಿ ಸಲ ಬಾಯಿಬಿಟ್ಟು ಹೇಳುತ್ತಿದ್ದೆ. ಸುಮ್ನೆ ಕಣ್ಣಲ್ಲಿ ಓದಿದರೆ ನಾಲಿಗೆಗೆ ಹತ್ತಲ್ಲ.

ಉತ್ತರ, ದಕ್ಷಿಣ ಸ್ವಲ್ಪ ತರಲೆ. ದಕ್ಷಿಣಕ್ಕೆ ಅನ್ನಲು 'ಓ ಯಸ್' ಅನ್ನಬೇಕು. ಬೇರೆ ಕಡೆಯೆಲ್ಲ 'ಓ' ಅಂದರೆ 'ಇಂದ', ಇಲ್ಲಿ ಮಾತ್ರ 'ಕ್ಕೆ'! ಇದಕ್ಕೆ ಉಪಾಯವೇನೂ ಇಲ್ಲ, ಬಾಯಿಪಾಠವೇ ಗತಿ.

ಇನ್ನುಳಿದದ್ದು ನೆನಪಿರಲು ಮೂಡಣಕ್ಕೆ ಮುಖ ಮಾಡಿ ನಿಂತರೆ ಸಾಕು. ಐರಿಷ್‌ನ ದಿಕ್ಕುಗಳು ಹುಟ್ಟಿದ್ದೇ ಆ ನಿಲುವಿನಲ್ಲಿ. 'ಶೀಅರ್' ಅಂದರೆ ಹಿಂದಕ್ಕೆ ಅಂತಲೂ ಹೌದು. ದಕ್ಷಿಣದ ಪದಕ್ಕೂ ಬಲಗಡೆಯ ಪದಕ್ಕೂ ಬೇರು ಒಂದೇ. ನಮ್ಮ 'ದಕ್ಷಿಣ'ವೂ ಅದೇ ಬಳ್ಳಿಯದು. ಸೂರ್ಯ ಸುತ್ತುವ ದಿಕ್ಕಿಗೆ ಅವರು 'ದೆಶಲ್' ಅನ್ನುತ್ತಾರೆ. ಐರ್ಲೆಂಡಿನ ಪವಿತ್ರ ಬಾವಿಗಳನ್ನು ಭಕ್ತರು ಹೀಗೇ ಬಲಕ್ಕೆ ಸುತ್ತುತ್ತಾರೆ. ನಮ್ಮ ಪ್ರದಕ್ಷಿಣೆಯೇ! ಇದು ಗೊತ್ತಾದ ಮೇಲೆ ದಕ್ಷಿಣದ ಪದ ನಾನು ಮರೆತಿಲ್ಲ.

ಕಿವಿ ಪಳಗಿಸಲು ರೇಡಿಯೋದ ಹವಾಮಾನ ವರದಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ರಾಡಿಯೋ ನ ಗೇಲ್ತಖ್ತಾ 1972ರಿಂದ ಐರಿಷ್‌ನಲ್ಲೇ ಪ್ರಸಾರ ಮಾಡುತ್ತಿದೆ, ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಗಾಳಿ ಯಾವಾಗಲೂ ಎಲ್ಲಿಂದಲೋ ಬರುವಂಥದ್ದು, ಹಾಗಾಗಿ 'ಇಂದ' ರೂಪವೇ ಜಾಸ್ತಿ ಕೇಳಿಸುತ್ತದೆ. ನೈಋತ್ಯದ ಗಾಳಿ ಅಂದರೆ 'ಗೀ ಅನೀಅರ್ ಅನ್ಯಸ್', ಪಶ್ಚಿಮ ಮೊದಲು, ದಕ್ಷಿಣ ಆಮೇಲೆ. ಓದುವ ವೇಗ ಜಾಸ್ತಿಯೇ. ಮೊದಮೊದಲು 'ಗೀ' ಅಂದ ತಕ್ಷಣ ಬರುವ ಪದವನ್ನಷ್ಟೇ ಹಿಡಿಯಿರಿ, ಮಳೆ ಚಳಿಯ ವಿಷಯ ಆಮೇಲೆ ನೋಡಿಕೊಂಡರಾಯಿತು.