ಬುಡಕ್ಕೇ ಮಚ್ಚು ಹಾಕುವ ಮುನ್ನ
ಕಾಡು ಬೆಳೆದ ಅಂಗಳವನ್ನು ಹಸನು ಮಾಡುವ ಬಗೆ

ಮನೆ ಕೊಂಡವರು ಬೀಗದ ಕೈ ಸಿಕ್ಕ ಮೊದಲ ಭಾನುವಾರವೇ ಮಚ್ಚು ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಹಿಂದಿನವರು ನಾಲ್ಕೈದು ವರ್ಷ ಕೈಯಾಡಿಸದೆ ಬಿಟ್ಟ ಜಾಗ. ಪೊದೆ ಕಿಟಕಿಯನ್ನು ಮುಚ್ಚಿದೆ, ಬಳ್ಳಿ ಮರದ ನೆತ್ತಿ ಮುಟ್ಟಿದೆ, ಕಾಲುದಾರಿ ಎಲ್ಲಿತ್ತೆಂದೇ ತಿಳಿಯದು. ಸಂಜೆಯೊಳಗೆ ಎಲ್ಲವನ್ನೂ ನೆಲಮಟ್ಟಕ್ಕೆ ಸವರಿ, ಚೊಕ್ಕಟವಾಯಿತೆಂದು ಕೈ ತೊಳೆದುಕೊಳ್ಳುತ್ತಾರೆ. ಕೆಲವೇ ವಾರಗಳಲ್ಲಿ ಒಂದೊಂದು ಬುಡದಿಂದಲೂ ಹತ್ತು ಹದಿನೈದು ಚಿಗುರು ಏಳುತ್ತವೆ. ಆಮೇಲೆ ನನಗೆ ಕರೆ ಬರುತ್ತದೆ. ಹೋಗಿ ನೋಡಿದರೆ ಹಿಡಿದು ಅಲುಗಾಡಿಸಲು ಒಂದು ಗೇಣು ಕಾಂಡವೂ ಉಳಿದಿರುವುದಿಲ್ಲ. ಅರ್ಧ ದಿನದ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ. ಇಷ್ಟು ಸಲ ಇದನ್ನೇ ಕಂಡಿದ್ದೇನೆಂದರೆ, ಲೇಖನ ಬರೆಯುವ ಮನಸ್ಸಾದದ್ದೇ ಇದರಿಂದ. ಪೊದೆ ತೆಗೆಯುವುದೆಂದರೆ ಬುಡ ತೆಗೆಯುವುದು. ಮೇಲಿನದು ಬರೀ ಕಟಾವು.

ಹೆಜ್ಜೆ 1: ನೋಡಿ, ಗುರುತು ಹಾಕಿ

ಸಾಧ್ಯವಿದ್ದರೆ ಒಂದು ಋತು ಕಾಯಿರಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಎರಡು ವಾರವಾದರೂ ಕಾಯಿರಿ. ಒಣ ಕಡ್ಡಿಯಂತೆ ಕಾಣುವುದು ಎಲೆ ಉದುರಿಸಿ ಕುಳಿತ ಒಳ್ಳೆಯ ಹೂಗಿಡವಿರಬಹುದು, ಬರಿದಾದ ಮಣ್ಣಿನಡಿಯಲ್ಲಿ ಗಡ್ಡೆಗಳು ಮಲಗಿರಬಹುದು. ಬಣ್ಣದ ಬಟ್ಟೆಪಟ್ಟಿಗಳನ್ನು ಹರಿದುಕೊಂಡು ತೆಗೆಯಬೇಕಾದ ಗಿಡಕ್ಕೆ ಕೆಂಪು, ಉಳಿಸಬೇಕಾದದ್ದಕ್ಕೆ ಬಿಳಿ, ತಿಳಿಯದ್ದಕ್ಕೆ ಹಳದಿ ಕಟ್ಟಿ. ಹಳದಿ ಪಟ್ಟಿಯ ಗಿಡವನ್ನು ಹೆಸರು ಗೊತ್ತಾಗುವವರೆಗೆ ಮುಟ್ಟಬೇಡಿ. ಬೇರೆಲ್ಲ ತಪ್ಪನ್ನೂ ತಿದ್ದಬಹುದು, ಮೂವತ್ತು ವರ್ಷದ ಗಿಡವನ್ನು ಕಡಿದ ತಪ್ಪನ್ನು ತಿದ್ದಲಾಗದು.

ಹೆಸರು ತಿಳಿಯಬೇಕಾದದ್ದು ಮೈಕೈ ಕಾಯ್ದುಕೊಳ್ಳುವುದಕ್ಕೂ ಹೌದು. ಕಣಗಿಲೆಯ ಎಲ್ಲ ಭಾಗಗಳೂ ವಿಷ. ಸುಟ್ಟರೆ ಅದರ ಹೊಗೆಯೂ ಅಪಾಯಕಾರಿ. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು ಬರಬಹುದು. ಪಾರ್ಥೇನಿಯಂ ಎಷ್ಟೋ ಜನರ ಚರ್ಮಕ್ಕೆ ಆಗುವುದಿಲ್ಲ, ಅದರ ಪರಾಗ ಕೆಲವರಿಗೆ ಉಬ್ಬಸ ತರುತ್ತದೆ.

ಅದೇ ಸುತ್ತಿನಲ್ಲಿ ಮೊಟ್ಟೆ ಅಥವಾ ಮರಿಗಳಿರುವ ಹಕ್ಕಿಗೂಡು ಕಂಡರೆ ಆ ಪೊದೆಯನ್ನು ಮರಿಗಳು ಹಾರುವವರೆಗೆ ಬಿಟ್ಟುಬಿಡಿ. ಕಣಜದ ಗೂಡು ಇದೆಯೇ ನೋಡಿ. ನೀರಿನ ಕೊಳವೆ, ವಿದ್ಯುತ್ ತಂತಿ, ಅನಿಲದ ಕೊಳವೆ ನೆಲದಡಿಯಲ್ಲಿ ಎಲ್ಲಿ ಹಾದಿವೆ ಎಂಬುದನ್ನು ಆಯಾ ಸೇವೆ ಕೊಡುವವರಿಂದ ಕೇಳಿ ತಿಳಿದುಕೊಂಡು ಸುಣ್ಣದ ಗೆರೆ ಎಳೆಯಿರಿ. ಹಳೆಯ ಮನೆಯಾದರೆ ಶೌಚಗುಂಡಿಯ ಮುಚ್ಚಳ ಪೊದೆಯ ಕೆಳಗೆ ಮರೆಯಾಗಿರಬಹುದು. ಶಿಥಿಲವಾದ ಮುಚ್ಚಳದ ಮೇಲೆ ನಿಂತು ಹಾರೆ ಹಾಕಿದರೆ ಪ್ರಾಣವೇ ಹೋದೀತು. ಅದು ಎಲ್ಲಿದೆ ಎಂದು ಖಚಿತವಾಗದೆ ಒಂದು ಗುದ್ದಲಿಯನ್ನೂ ನೆಲಕ್ಕೆ ಇಳಿಸಬೇಡಿ.

ಹೆಜ್ಜೆ 2: ಉಡುಪು, ಹತ್ಯಾರು

ತುಂಬುತೋಳಿನ ಅಂಗಿ, ದಪ್ಪ ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ. ಕನ್ನಡಕದ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಬಾಗಿದ ಕೊಂಬೆಯನ್ನು ಕತ್ತರಿಸಿದೊಡನೆ ಅದು ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ, ಹೊಡೆಯುವುದು ಮುಖಕ್ಕೆ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷವಾಗಿದ್ದರೆ ಕೆಲಸಕ್ಕೆ ಮುಂಚೆಯೇ ವೈದ್ಯರನ್ನು ಕಾಣಿ.

ಹತ್ಯಾರು ಹೆಚ್ಚು ಬೇಕಿಲ್ಲ. ಉದ್ದ ಹಿಡಿಯ ಕೊಂಬೆ ಕತ್ತರಿ, ಮಡಚುವ ಗರಗಸ, ಹಾರೆ, ಪಿಕಾಸಿ, ಸಲಿಕೆ, ಕುಂಟೆ, ಹರಿತ ಮಾಡಲು ಒಂದು ಅರ. ಕತ್ತರಿ ಕೊಳ್ಳುವಾಗ ಎರಡು ಅಲಗುಗಳು ಒಂದರ ಪಕ್ಕ ಒಂದು ಜಾರುವಂಥದ್ದನ್ನೇ ಕೊಳ್ಳಿ. ಒಂದು ಅಲಗು ಚಪ್ಪಟೆ ತಗಡಿನ ಮೇಲೆ ಬಂದು ಕೂರುವ ಬಗೆಯದು ಹಸಿ ಕೊಂಬೆಯನ್ನು ಕತ್ತರಿಸುವ ಬದಲು ಜಜ್ಜುತ್ತದೆ. ತೆಳು ತಗಡಿನ ಟೊಳ್ಳು ಹಿಡಿಯ ಅಗ್ಗದ ಕತ್ತರಿಗಳು ಹೆಬ್ಬೆರಳು ಗಾತ್ರದ ಕೊಂಬೆಗೇ ಬಾಗಿದ್ದನ್ನು ಕಂಡಿದ್ದೇನೆ. ಮಚ್ಚು ಬೇಡ ಎನ್ನುವವನು ನಾನು. ಅದು ಬಿಟ್ಟುಹೋಗುವ ಓರೆ ಮೊನೆಯ ಮೋಟುಗಳ ಮೇಲೆ ಕಾಲಿಟ್ಟರೆ ಬೂಟಿನ ಅಡಿಯೂ ತೂತಾಗುತ್ತದೆ. ಗರಗಸದಿಂದ ಅಡ್ಡಡ್ಡ ಕೊಯ್ಯಿರಿ.

ಹೆಜ್ಜೆ 3: ಬಾಗಿಲಿನಿಂದ ಒಳಕ್ಕೆ ದಾರಿ

ಉದ್ದ ಕೋಲಿನಿಂದ ಬಡಿದು ಸದ್ದು ಮಾಡುತ್ತ, ಕಣ್ಣು ಹೋಗದ ಕಡೆ ಕೈ ಹಾಕದೆ, ಹುಲ್ಲನ್ನೂ ಎಳೆಯ ಕಳೆಯನ್ನೂ ಸವರುತ್ತ ಒಳಗೆ ಹೋಗಿ. ಹಿಂದಿನ ದಿನ ರಾಶಿ ಹಾಕಿದ ಸೊಪ್ಪನ್ನು ಮರುದಿನ ಬಾಚಿ ಅಪ್ಪಿಕೊಂಡು ಎತ್ತಬೇಡಿ. ಹಾವು, ಚೇಳಿಗೆ ಒಂದು ರಾತ್ರಿ ಸಾಕು.

ಹೆಜ್ಜೆ 4: ಬಳ್ಳಿ

ಮರಕ್ಕೆ ಹಬ್ಬಿದ ಬಳ್ಳಿಯನ್ನು ಎಳೆದು ಕೆಡವಬೇಡಿ. ಅದರ ಜೊತೆಗೆ ಮೇಲಿನ ಒಣಕೊಂಬೆಯೂ ತಲೆಯ ಮೇಲೆ ಬರುತ್ತದೆ. ಎದೆಮಟ್ಟದಲ್ಲಿ ಒಂದು ಕಡೆ, ನೆಲದ ಹತ್ತಿರ ಇನ್ನೊಂದು ಕಡೆ ಕತ್ತರಿಸಿ, ನಡುವಿನ ತುಂಡನ್ನು ತೆಗೆದು, ಮೇಲಿನದನ್ನು ಅಲ್ಲೇ ಒಣಗಲು ಬಿಡಿ. ವಾರಗಳು ಕಳೆದಂತೆ ಎಲೆ ಉದುರಿ ಹಗುರಾಗುತ್ತದೆ. ಕೆಳಗಿನ ಬೇರನ್ನು ಮಾತ್ರ ಈಗಲೇ ಅಗೆಯಿರಿ.

ಹೆಜ್ಜೆ 5: ಪೊದೆಯ ಬುಡ

ಜನ ಸೋಲುವುದು ಇಲ್ಲಿ. ಇದನ್ನು ನಿಧಾನವಾಗಿ ಓದಿ.

ಹಿಂದಿನ ಸಂಜೆ ಬುಡದ ಸುತ್ತ ನೀರು ಹಾಯಿಸಿ. ರಾತ್ರಿಯೆಲ್ಲ ನೀರು ಇಂಗಿ, ಬೆಳಿಗ್ಗೆ ಮಣ್ಣು ಹದವಾಗಿರಬೇಕು; ಕೆಸರಾಗಿದ್ದರೆ ಒಂದು ದಿನ ಬಿಡಿ. ಈಗ ಪೊದೆಯ ಸಣ್ಣ ಕೊಂಬೆಗಳನ್ನೆಲ್ಲ ಕತ್ತರಿಸಿ ದೂರ ಒಯ್ದು ಹಾಕಿ. ಆದರೆ ದಪ್ಪ ಕಾಂಡಗಳನ್ನು ಸೊಂಟದೆತ್ತರಕ್ಕೆ, ಎಂದರೆ 80ರಿಂದ 90 ಸೆಂಟಿಮೀಟರಿನಷ್ಟು, ಉಳಿಸಿಕೊಳ್ಳಿ. ಈ ಉದ್ದವೇ ನಿಮ್ಮ ಸನ್ನೆಕೋಲು. ಗಿಡದ ತೂಕದ ವಿರುದ್ಧ ನಿಮ್ಮ ತೋಳಿಗೆ ಸಿಗುವ ಬಲವೆಲ್ಲ ಅದರಿಂದಲೇ. ನೆಲಮಟ್ಟಕ್ಕೆ ಕೊಯ್ದವರು ಕೈಯಾರೆ ಕಳೆದುಕೊಂಡದ್ದು ಅದನ್ನೇ.

ಆಳೆತ್ತರದ ಪೊದೆಯಾದರೆ ಬುಡದಿಂದ 45 ಸೆಂಟಿಮೀಟರ್ ದೂರದಲ್ಲಿ ಸುತ್ತಲೂ ಕಾಲುವೆ ತೋಡಿ. ಇನ್ನೂ ದೊಡ್ಡದಾದರೆ 60. ಸಲಿಕೆಯ ಅಗಲದಷ್ಟು, ಮೊಣಕಾಲಿನ ಹತ್ತಿರಕ್ಕೆ ಬರುವಷ್ಟು ಆಳ. ಅವಸರದಲ್ಲಿ ಬುಡಕ್ಕೆ ಅಂಟಿಕೊಂಡೇ ಅಗೆಯುವವರಿಗೆ ಸಿಗುವುದು ಬೇರು ಅತ್ಯಂತ ದಪ್ಪವಾಗಿರುವ ಜಾಗ. ಅದೇ ಬೇರು ಎರಡು ಗೇಣು ಆಚೆಗೆ ಬೆರಳು ಗಾತ್ರವಿರುತ್ತದೆ. ದೂರದಿಂದ ಅಗೆಯುವುದು ಸುತ್ತುದಾರಿ ಎನಿಸಿದರೂ ಬೇಗ ಮುಗಿಯುವುದು ಅದೇ.

ಕಾಲುವೆಯಲ್ಲಿ ಬೇರು ಎದುರಾದಾಗ ಮಣ್ಣಿನೊಳಗೇ ಗರಗಸ ಎಳೆಯಬೇಡಿ; ಮರಳುಕಣ ತಾಕಿದರೆ ನಾಲ್ಕೇ ಎಳೆತಕ್ಕೆ ಹಲ್ಲು ಮೊಂಡಾಗುತ್ತದೆ. ಕೊಳವೆಯ ನೀರು ಬಿಟ್ಟು ಬೇರನ್ನು ತೊಳೆಯಿರಿ. ಬೇರು ಬೆತ್ತಲೆಯಾಗಿ ಕಂಡ ಮೇಲೆ ಎರಡು ಕಡೆ ಕೊಯ್ದು, ನಡುವಿನ ತುಂಡನ್ನು ಎತ್ತಿ ಹಾಕಿ. ಒಂದೇ ಕಡೆ ಕೊಯ್ದರೆ ಎರಡು ತುದಿಗಳೂ ಒಂದಕ್ಕೊಂದು ಒತ್ತಿಕೊಂಡು ಬುಡವನ್ನು ಹಿಡಿದೇ ಇರುತ್ತವೆ.

ಸುತ್ತಲಿನ ಬೇರು ಮುಗಿಯಿತೆನಿಸಿದಾಗ ಕಾಂಡದ ತುದಿ ಹಿಡಿದು ಒಂದು ದಿಕ್ಕಿಗೆ ದೂಡಿ. ಪೂರ್ವಕ್ಕೆ ದೂಡಿದರೆ ಪಶ್ಚಿಮದ ಅಂಚು ಮೇಲೇಳುತ್ತದೆ, ಅಲ್ಲಿ ಯಾವ ಬೇರು ಇನ್ನೂ ಹಿಡಿದಿದೆಯೋ ಅದು ವೀಣೆಯ ತಂತಿಯಂತೆ ಬಿಗಿಯುತ್ತದೆ. ಜೊತೆಗಿರುವವರು ದೂಡಿ ಹಿಡಿದಿರಲಿ, ನೀವು ಆ ಬಿಗಿದ ಬೇರನ್ನು ಕೊಯ್ಯಿರಿ. ಸಡಿಲ ಬೇರಿಗೆ ಕೊಡಲಿ ಹಾಕಿದರೆ ಪುಟಿದು ಬರುತ್ತದೆ, ಬಿಗಿದದ್ದು ಒಂದೇ ಏಟಿಗೆ ತುಂಡಾಗುತ್ತದೆ. ಕೊಡಲಿಯನ್ನು ಬಳಸುವುದಾದರೆ ದೂಡುವವರು ಎದುರು ಬದಿಯಲ್ಲಿ, ಏಟು ಜಾರಿದರೂ ತಲುಪದ ದೂರದಲ್ಲಿ ನಿಲ್ಲಲಿ. ಹೀಗೆ ನಾಲ್ಕೂ ದಿಕ್ಕಿಗೆ ಸರದಿಯ ಮೇಲೆ ದೂಡುತ್ತ ಬನ್ನಿ. ಎಲ್ಲ ದಿಕ್ಕಿಗೂ ಒಮ್ಮೆಲೇ ಬಲ ಹಾಕಿ ತಿರುಚುವುದರಿಂದ ಸೊಂಟ ಹಿಡಿಯುತ್ತದೆ, ಗಿಡ ಅಲುಗುವುದಿಲ್ಲ.

ಇಷ್ಟಾದರೂ ಬರಲಿಲ್ಲವೆಂದರೆ ನೇರ ಕೆಳಗೆ ತಾಯಿಬೇರು ಇದೆ. ಬುಡವನ್ನು ಒಂದು ಬದಿಗೆ ಒರಗಿಸಿ, ಅಡಿಯ ಮಣ್ಣನ್ನು ಸಲಿಕೆಯಿಂದ ತೆಗೆದು, ಹಾರೆಯ ಮೊನೆಯನ್ನು ಅಡಿಗೆ ಸೇರಿಸಿ. ಹಾರೆಗೆ ಆಸರೆಯಾಗಿ ಮರದ ಹಲಗೆ ಇಡಿ. ಕಲ್ಲು ಇಟ್ಟರೆ ಜಾರುತ್ತದೆ, ಬರಿ ಮಣ್ಣಿನ ಮೇಲೆ ಹಾರೆ ಹುಗಿಯುತ್ತದೆ. ಎತ್ತಿ ಹಿಡಿದ ಬುಡದ ಕೆಳಗೆ ಕೈಯನ್ನಾಗಲಿ ಪಾದವನ್ನಾಗಲಿ ಯಾವ ಕಾರಣಕ್ಕೂ ಇಡಬೇಡಿ; ಮೊದಲು ಒಂದು ಮರದ ತುಂಡನ್ನು ಸಂದಿಗೆ ತುರುಕಿ ತಡೆ ಕೊಟ್ಟು, ಆಮೇಲೆ ತಾಯಿಬೇರನ್ನು ಕೊಯ್ಯಿರಿ. ಹೊರಬಂದ ಗಂಟನ್ನು ಕೊಡವಿ, ಒಳ್ಳೆಯ ಮೇಲ್ಮಣ್ಣನ್ನು ಗುಂಡಿಗೇ ಹಿಂತಿರುಗಿಸಿ. ಪದರಪದರವಾಗಿ ತುಳಿದು ತುಂಬಿ, ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಬಿಡಿ, ಮಣ್ಣು ಕುಸಿಯುತ್ತದೆ.

ಗೋಡೆಗೆ ಒತ್ತಿ ಬೆಳೆದ ಪೊದೆಗೆ ಈ ವಿಧಾನವನ್ನು ಪೂರ್ತಿ ಬಳಸಬೇಡಿ. ಗೋಡೆಗೆ ಹಾರೆ ಆನಿಸಿ ಮೀಟಿದರೆ ಗಾರೆ ಉದುರುತ್ತದೆ. ಅಡಿಪಾಯದ ಕೆಳಗೆ ಹೋದ ಬೇರನ್ನು ಎಳೆಯುವ ಬದಲು ಅಲ್ಲಿಯೇ ಕೊಯ್ದು ಬಿಡಿ. ಹೆಚ್ಚಿನ ಪೊದೆಗಳು ಚಿಗುರುವುದು ಬುಡದ ಗಂಟಿನಿಂದ. ಗಂಟು ಹೋದರೆ ಆ ತುಂಡು ಅಲ್ಲೇ ಕೊಳೆಯುತ್ತದೆ. ನೆಲದಡಿಯಲ್ಲಿ ಓಡುವ ಜಾತಿಯ ಬಿದಿರು ಮಾತ್ರ ಹೀಗಲ್ಲ. ಅದರ ಗೆಣ್ಣುಗಳು ಹೆಚ್ಚು ಆಳಕ್ಕೆ ಇಳಿಯದಿದ್ದರೂ ಅಡ್ಡಡ್ಡ ಬಹುದೂರ ಹಬ್ಬುತ್ತವೆ, ಒಂದೊಂದನ್ನೂ ತುದಿಯವರೆಗೆ ಬೆನ್ನಟ್ಟಿ ತೆಗೆಯಬೇಕು.

ಅಡ್ಡದಾರಿಗಳ ಬಗ್ಗೆ ಕೇಳುವವರಿಗೆ: ವಾಹನಕ್ಕೆ ಹಗ್ಗ ಕಟ್ಟಿ ಬುಡ ಎಳೆಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಬಿಗಿದ ಹಗ್ಗ ತುಂಡಾದರೆ ಅದರ ತುದಿ ಎಲುಬು ಮುರಿಯುವ ವೇಗದಲ್ಲಿ ಹಾರಿಬರುತ್ತದೆ. ಬುಡಕ್ಕೆ ಉಪ್ಪು ಸುರಿದರೆ ಉಪ್ಪು ಮಣ್ಣಿನಲ್ಲೇ ಉಳಿದು ಮುಂದೆ ನೆಡುವ ಗಿಡವನ್ನೂ ಒಣಗಿಸುತ್ತದೆ. ಡೀಸೆಲ್ ನೆಲಕ್ಕೂ ಅಂತರ್ಜಲಕ್ಕೂ ವಿಷ. ಮೋಟು ಕರಗಿಸುವ ಪುಡಿ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಇರುವುದು ಪೊಟ್ಯಾಸಿಯಂ ನೈಟ್ರೇಟ್. ಮೋಟಿಗೆ ರಂಧ್ರ ಕೊರೆದು ತುಂಬಿ ತಿಂಗಳುಗಟ್ಟಲೆ ಕಾದರೂ ಅದು ಕೊಳೆಯುವುದನ್ನು ಚುರುಕಾಗಿಸುತ್ತದೆಯೇ ಹೊರತು ಕರಗಿಸುವುದಿಲ್ಲ. ಅಗೆಯಲು ಸಾಧ್ಯವೇ ಇಲ್ಲದ ಜಾಗದಲ್ಲಿ ಮಾತ್ರ ಗ್ಲೈಫೊಸೇಟ್‌ನಂಥ ಕಳೆನಾಶಕವನ್ನು ಒಪ್ಪುತ್ತೇನೆ. ಅದನ್ನೂ ಸಿಂಪಡಿಸಬಾರದು, ಹೊಸದಾಗಿ ಕೊಯ್ದ ಮೋಟಿನ ತೊಗಟೆಯ ಒಳಬದಿಯ ಉಂಗುರಕ್ಕೆ, ಕೊಯ್ದ ಕೆಲವೇ ನಿಮಿಷಗಳೊಳಗೆ, ಕುಂಚದಿಂದ ಸವರಬೇಕು. ತಡವಾದರೆ ಗಾಯ ಮುಚ್ಚಿಕೊಂಡು ಮದ್ದು ಬೇರಿಗೆ ಇಳಿಯುವುದಿಲ್ಲ. ಡಬ್ಬಿಯ ಮೇಲಿನ ಸೂಚನೆಯನ್ನು ಮೀರಬೇಡಿ.

ಹೆಜ್ಜೆ 6: ಮರದ ಕೊಂಬೆ

ಉಳಿಸಿಕೊಂಡ ಮರದ ಕೊಂಬೆಯನ್ನು ಒಂದೇ ಕೊಯ್ತದಲ್ಲಿ ತೆಗೆಯಬೇಡಿ. ಅರ್ಧ ಕೊಯ್ದಾಗ ಕೊಂಬೆ ತನ್ನ ಭಾರಕ್ಕೇ ಮುರಿದು ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುತ್ತದೆ. ಕಾಂಡದಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ ಮೂರರಲ್ಲಿ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಿ. ಉಳಿದ ತುಂಡನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳಿನ ಹೊರಗೆ ಕೊಯ್ಯಿರಿ. ಕೊರಳಿಗೆ ಗರಗಸ ತಾಕಬಾರದು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ನಮ್ಮ ಚರ್ಮದಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಒಳಗೇ ಗೋಡೆ ಕಟ್ಟಿ ಕೊಳೆತವನ್ನು ಬೇರ್ಪಡಿಸುತ್ತದೆ ಎಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಆ ಗೋಡೆ ಏಳುವ ಜಾಗವೇ ಈ ಕೊರಳು. ಗಾಯಕ್ಕೆ ಬಳಿಯಲೆಂದು ಮಾರುವ ಕಪ್ಪು ಬಣ್ಣದಿಂದ ಮರಕ್ಕೆ ಉಪಯೋಗವಿಲ್ಲ, ಕೊಳ್ಳಬೇಡಿ.

ಏಣಿ ಹತ್ತಿ ಯಂತ್ರದ ಗರಗಸ ಹಿಡಿಯುವುದು, ವಿದ್ಯುತ್ ತಂತಿಯ ಬಳಿಯ ಕೊಂಬೆ ಮುಟ್ಟುವುದು, ಮನೆಗೆ ತಾಗಿದ ದೊಡ್ಡ ಮರ ಉರುಳಿಸುವುದು: ಈ ಮೂರನ್ನೂ ತರಬೇತಿ ಪಡೆದವರಿಗೆ ಬಿಡಿ. ಜೇಡಿಮಣ್ಣಿನ ನೆಲದಲ್ಲಿ ದೊಡ್ಡ ಮರ ತೆಗೆದರೆ, ಅದು ಹೀರುತ್ತಿದ್ದ ನೀರು ಉಳಿದು ಮಣ್ಣು ಉಬ್ಬಿ ಅಡಿಪಾಯವನ್ನು ಎತ್ತುವುದೂ ಉಂಟು.

ಹೆಜ್ಜೆ 7: ರಾಶಿ

ಎಲೆ, ಎಳೆಕೊಂಬೆಗಳನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ. ಗರಿಕೆ, ಕೊನ್ನಾರಿ ಗಡ್ಡೆ, ಬೀಜ ಕಟ್ಟಿದ ಕಳೆಗಳನ್ನು ಹಾಕಬೇಡಿ. ಅವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಟ್ಟು ಸಾಯಿಸಿ. ಏನನ್ನೂ ಸುಡಬೇಡಿ.

ಹೆಜ್ಜೆ 8: ಬರಿದಾದ ನೆಲ

ಎಲ್ಲ ತೆಗೆದ ಮೇಲೆ ಯಂತ್ರದಿಂದ ಉಳುಮೆ ಮಾಡಿಸುವ ಆಸೆ ಹುಟ್ಟುತ್ತದೆ. ಬೇಡ. ಗರಿಕೆಯ ಒಂದು ಬಳ್ಳಿ ಉಳುಮೆಗೆ ಸಿಕ್ಕು ಇಪ್ಪತ್ತು ತುಂಡಾದರೆ ಇಪ್ಪತ್ತು ಗಿಡವಾಗುತ್ತದೆ. ವರ್ಷಗಳಿಂದ ಮಣ್ಣಿನಲ್ಲಿ ಹೂತಿದ್ದ ಕಳೆಬೀಜಗಳು ಬೆಳಕು ಕಂಡು ಮೊಳೆಯುತ್ತವೆ. ಬೇರು ತೆಗೆದ ಕಡೆ ಮಾತ್ರ ಮಣ್ಣು ಕದಡಿರಲಿ. ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಅಂಟುಪಟ್ಟಿ ಕಿತ್ತು, ಅಂಚಿನ ಮೇಲೆ ಅಂಚು ಬರುವಂತೆ ಎರಡು ಪದರ ಹಾಸಿ. ಚೆನ್ನಾಗಿ ನೆನೆಸಿ, ಅದರ ಮೇಲೆ ನಾಲ್ಕೈದು ಬೆರಳು ದಪ್ಪಕ್ಕೆ ಒಣ ಎಲೆ ಅಥವಾ ಮರದ ಚೂರು ಹರಡಿ. ಉಳಿಸಿಕೊಂಡ ಗಿಡಗಳ ಕಾಂಡಕ್ಕೆ ಈ ಹೊದಿಕೆ ತಾಗದಿರಲಿ, ತೊಗಟೆ ಕೊಳೆಯುತ್ತದೆ. ಕಳೆ ತಡೆಯುವ ಬಟ್ಟೆ ಎಂದು ಮಾರುವ ಕಪ್ಪು ಪ್ಲಾಸ್ಟಿಕ್ ನೇಯ್ಗೆಯನ್ನು ಹಾಸಬೇಡಿ. ಅದರ ಮೇಲೆ ಧೂಳು, ಎಲೆ ಕೂತು ಅಲ್ಲೇ ಕಳೆ ಹುಟ್ಟುತ್ತದೆ, ಬೇರು ನೇಯ್ಗೆಯೊಳಗೆ ಹೆಣೆದುಕೊಳ್ಳುತ್ತದೆ. ಹಿಂದಿನವರು ಹಾಸಿದ ಅಂಥ ಬಟ್ಟೆಯನ್ನು ಮಣ್ಣಿನಿಂದ ಚೂರುಚೂರಾಗಿ ಆರಿಸಿ ತೆಗೆಯುತ್ತ ಇಡೀ ವಾರ ಕಳೆದಿದ್ದೇನೆ.

ಇಳಿಜಾರಿನ ಅಂಗಳವಾದರೆ ಮಳೆಗಾಲದ ಹೊಸ್ತಿಲಲ್ಲಿ ಎಲ್ಲವನ್ನೂ ಒಮ್ಮೆಲೇ ಬೋಳಿಸಬೇಡಿ. ಪಟ್ಟಿ ಪಟ್ಟಿಯಾಗಿ ತೆಗೆದು, ತೆಗೆದ ಪಟ್ಟಿಯನ್ನು ಮುಚ್ಚಿದ ಮೇಲೆ ಮುಂದಿನದಕ್ಕೆ ಹೋಗಿ.

ಹೆಜ್ಜೆ 9: ಚಿಗುರು

ಮೊದಲ ವರ್ಷ ಹದಿನೈದು ದಿನಕ್ಕೊಮ್ಮೆ ಅಂಗಳವನ್ನು ಸುತ್ತಿ. ಉಳಿದ ಬೇರಿನಿಂದ ಎದ್ದ ಚಿಗುರು ಗೇಣುದ್ದ ಆಗುವ ಮೊದಲೇ ಸಿಗಬೇಕು, ಏಕೆಂದರೆ ಎಲೆ ಬಿಚ್ಚಿಕೊಂಡ ಚಿಗುರು ಬೇರಿಗೆ ಮತ್ತೆ ಊಟ ಕಳಿಸಲು ತೊಡಗುತ್ತದೆ. ಕತ್ತರಿ ಹಾಕಬೇಡಿ, ಕತ್ತರಿಸಿದ ಕಡೆ ಎರಡಾಗಿ ಕವಲೊಡೆಯುತ್ತದೆ. ಮಣ್ಣು ಸರಿಸಿ, ಚಿಗುರು ಬೇರಿಗೆ ಅಂಟಿದ ಜಾಗದವರೆಗೆ ಬೆರಳು ಇಳಿಸಿ, ಬುಡಸಮೇತ ಸೀಳಿ ಕೀಳಿ.