ಸಂಪಾಜೆ ಇಳಿಯುವ ಮೊದಲು ಬ್ಯಾಟರಿ ಖಾಲಿ ಇರಲಿ

"ಎಂಥ ಮಾರಾಯ್ರೇ, ಘಾಟಿಗೆ ಡೀಸೆಲ್ ಬಿಟ್ಟು ಇದೆಂಥದ್ದು ತಂದದ್ದು?" ಕಾರು ಮನೆಗೆ ಬಂದ ದಿನವೇ ಪಕ್ಕದ ಮನೆಯ ಜೀಪಿನವರು ಕೇಳಿದ್ದರು. ಮೊದಲ ಎರಡು ತಿಂಗಳು ನನಗೂ ಅದೇ ಪ್ರಶ್ನೆ. ತಂದದ್ದು ಟೊಯೊಟಾದ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್, ಪೆಟ್ರೋಲ್ ಎಂಜಿನ್ನಿನ ಜೊತೆಗೆ ಮೋಟಾರು, ಬ್ಯಾಟರಿಯೂ ಇದ್ದು, ಇಳಿಯುವಾಗ, ಬ್ರೇಕ್ ಹಿಡಿಯುವಾಗ ತಾನೇ ಚಾರ್ಜ್ ಆಗುವ ಕಾರು. ಅದಕ್ಕೆ ಪ್ರಮಾಣೀಕರಿಸಿದ ಮೈಲೇಜ್ ಲೀಟರಿಗೆ 27.97 ಕಿ.ಮೀ. ನನಗೆ ಸಿಗುತ್ತಿದ್ದದ್ದು 18. ಆ 27.97 ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಓಡಿಸಿ ಅಳೆದದ್ದು, ಅಲ್ಲಿ ಮಡಿಕೇರಿಯ ಏರೂ ಇಲ್ಲ, ಜುಲೈ ಮಳೆಯೂ ಇಲ್ಲ. ಆದರೂ 18 ತೀರಾ ಕಮ್ಮಿಯೇ. ಹದಿನೈದು ವರ್ಷ ಡೀಸೆಲ್ ಗಾಡಿ ಓಡಿಸಿದ ಕಾಲು ನನ್ನದು, ಅದನ್ನೇ ಇದರ ಮೇಲೂ ಪ್ರಯೋಗಿಸುತ್ತಿದ್ದೆ.

ನನ್ನ ಓಡಾಟ ಎರಡು ದಿಕ್ಕಿಗೆ. ಕೆಲಸಕ್ಕೆ ವಾರಕ್ಕೆ ನಾಲ್ಕೈದು ಸಲ ಕುಶಾಲನಗರ. ತಿಂಗಳಿಗೆ ಒಂದೆರಡು ಸಲ ಸಂಪಾಜೆ ಘಾಟಿ ಇಳಿದು ಸುಳ್ಯ, ಮಾವನ ಮನೆ. ಎರಡೂ ಮಡಿಕೇರಿಯಿಂದ ಕೆಳಗೇ, ಎರಡೂ ಒಂದೇ 275ನೇ ಹೆದ್ದಾರಿ. ಆದರೆ ಈ ಕಾರಿನ ಪಾಲಿಗೆ ಅವು ಬೇರೆ ಬೇರೆ ಲೋಕ ಅಂತ ಗೊತ್ತಾಗಲು ಸಮಯ ಹಿಡಿಯಿತು.

ಸಂಪಾಜೆಯಲ್ಲೇ ಮೊದಲು ಬುದ್ಧಿ ಬಂದದ್ದು. ಮನೆಯಿಂದ ಹೊರಡುವಾಗಲೇ ಪರದೆಯಲ್ಲಿ ಬ್ಯಾಟರಿಯ ಚಾರ್ಜ್ ತೋರಿಸುವ ಕಡ್ಡಿಗಳು ಮುಕ್ಕಾಲು ಭಾಗ ತುಂಬಿರುವುದು ನೋಡಿ ಖುಷಿಪಡುತ್ತಿದ್ದೆ. ಕಾಟಕೇರಿ ದಾಟಿ ಮದೆನಾಡಿನ ಕಡೆ ಇಳಿಯುವಷ್ಟರಲ್ಲಿ ಎಲ್ಲ ಕಡ್ಡಿಯೂ ತುಂಬಿ, ಒಮ್ಮೆಗೇ ಎಂಜಿನ್ ಜೋರಾಗಿ ಕೂಗತೊಡಗಿತು. ಕಾಲು ಆಕ್ಸಲರೇಟರ್ ಮೇಲೆ ಇಲ್ಲ, ಇಳಿಜಾರು ಬೇರೆ, ಇದ್ಯಾಕೆ ಪೆಟ್ರೋಲ್ ಕುಡಿಯುತ್ತಿದೆ ಎಂದು ಗಾಬರಿಯಾದೆ. ಕುಡಿಯುತ್ತಿರಲಿಲ್ಲ. ಬ್ಯಾಟರಿಯಲ್ಲಿ ಜಾಗ ಮುಗಿದಿತ್ತು. ಹೆಚ್ಚಾದ ಕರೆಂಟಿನಿಂದ ಮೋಟಾರು ಪೆಟ್ರೋಲ್ ಉರಿಸದ ಎಂಜಿನ್ನನ್ನು ತಿರುಗಿಸಿ ಅದನ್ನು ಸುಮ್ಮನೆ ಚೆಲ್ಲುತ್ತಿತ್ತು, ಅಷ್ಟೇ.

ಆ ರಾತ್ರಿ ಲೆಕ್ಕ ಹಾಕಿದೆ. ಜನ, ಸಾಮಾನು ಸೇರಿ ಕಾರು 1,500 ಕಿಲೋ. ಮಡಿಕೇರಿಯಿಂದ ಸಂಪಾಜೆಗೆ ಇಳಿತ ಹೆಚ್ಚುಕಡಿಮೆ 1,000 ಮೀಟರ್. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕು ಯೂನಿಟ್, ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಗಾಳಿ ಮತ್ತು ಟಯರು ತಿನ್ನುವುದನ್ನು ಕಳೆದರೂ ಎರಡು ಯೂನಿಟ್ಟಿನ ಮೇಲೆ ಉಳಿಯುತ್ತದೆ. ಬ್ಯಾಟರಿ ಎಷ್ಟು? 0.76 ಯೂನಿಟ್. ಅದನ್ನೂ ಕಾರು ಪೂರ್ತಿ ತುಂಬಲು ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಆಟಿ ಮಳೆಗೆ ಸೂರಿನ ಕೆಳಗೆ ಒಂದು ಕೊಡ ಇಟ್ಟ ಹಾಗೆ. ಅದೂ ನಾನು ಇಡುತ್ತಿದ್ದದ್ದು ಮುಕ್ಕಾಲು ತುಂಬಿದ ಕೊಡ.

ಈಗ ಘಾಟಿ ಇಳಿಯುವ ದಿನ ಪೇಟೆಯೊಳಗೆ ಇವಿ ಬಟನ್ ಒತ್ತಿ, ಬ್ಯಾಟರಿಯಲ್ಲೇ ನಿಧಾನಕ್ಕೆ ಸಾಗುತ್ತೇನೆ. ಇಳಿಜಾರು ಶುರುವಾಗುವಾಗ ಎರಡೋ ಮೂರೋ ಕಡ್ಡಿ ಉಳಿದಿದ್ದರೆ ಸಾಕು. ಬ್ರೇಕನ್ನು ಬೇಗ ಹಿಡಿಯುತ್ತೇನೆ, ಆದರೆ ಮೆಲ್ಲಗೆ. ಮೀಟರಿನ ಮುಳ್ಳು ಚಾರ್ಜ್ ಪಟ್ಟಿಯೊಳಗೆ ಇರುವಷ್ಟು ಹೊತ್ತು ಬಹುಪಾಲು ಕೆಲಸ ಮೋಟಾರಿನದು. ತಿರುವಿನ ಬುಡಕ್ಕೆ ಹೋಗಿ ಗಟ್ಟಿ ಒತ್ತಿದರೆ ಡಿಸ್ಕ್ ಬಿಸಿಯಾಗುತ್ತದೆಯೇ ಹೊರತು ಬ್ಯಾಟರಿಗೆ ಹೆಚ್ಚೇನೂ ಬರುವುದಿಲ್ಲ. ಕಿಟಕಿಗೆ ಮಂಜು ಕಟ್ಟಿದರೆ ಎಸಿ ಹಾಕಲು ಇಳಿಜಾರೇ ಒಳ್ಳೆಯ ಜಾಗ. ಇದರ ಕಂಪ್ರೆಸರ್ ಕರೆಂಟಿನಲ್ಲಿ ಓಡುತ್ತದೆ, ಹೇಗೂ ಚೆಲ್ಲಿ ಹೋಗುವ ಕರೆಂಟ್ ತಾನೆ.

ಇಷ್ಟಾದರೂ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬುತ್ತದೆ. ಆಗ ಬಿ ಗೇರಿಗೆ ಹಾಕುತ್ತೇನೆ. ಮೊದಲಿಂದಲೇ ಬಿ ಹಾಕಿ ಇಳಿಯುವವರಿದ್ದಾರೆ, ಹೆಚ್ಚು ಚಾರ್ಜ್ ಆಗುತ್ತದೆ ಎಂಬ ನಂಬಿಕೆ. ಬಿ ಇರುವುದು ಎಂಜಿನ್ ತಡೆಗಾಗಿ, ಅದರಲ್ಲಿ ಬ್ಯಾಟರಿಗೆ ಬರುವುದು ಕಮ್ಮಿ. ಬ್ರೇಕ್ ಕಾಯದಂತೆ ಕಾಪಾಡಲು ಮಾತ್ರ ಅದು ಬೇಕು. ಇನ್ನು ಜೀಪಿನವರ ಸಲಹೆ, "ನ್ಯೂಟ್ರಲ್ ಹಾಕಿ ಬಿಡಿ, ಜುಂಯ್ ಅಂತ ಇಳೀತದೆ." ದಯವಿಟ್ಟು ಬೇಡ. ಘಾಟಿಯಲ್ಲಿ ಯಾವ ಗಾಡಿಗೂ ಅದು ಅಪಾಯ. ಹೈಬ್ರಿಡ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಬ್ಯಾಟರಿಗೆ ಚಾರ್ಜ್ ಆಗುವುದೇ ನಿಲ್ಲುತ್ತದೆ.

ವಾಪಸ್ ಹತ್ತುವಾಗ ಯಾವ ಜಾಣತನವೂ ಅಷ್ಟಾಗಿ ನಡೆಯುವುದಿಲ್ಲ. ಆ ಎತ್ತರಕ್ಕೆ ಕಾರನ್ನು ಎತ್ತುವುದಕ್ಕೇ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು. ಮೊದಮೊದಲು ಏರಿನಲ್ಲೂ ಇವಿ ದೀಪ ಆರಬಾರದು ಎಂದು ಹಟ ಹಿಡಿದು ಕಾಲು ಎತ್ತಿ ಎತ್ತಿ ಹತ್ತುತ್ತಿದ್ದೆ. ಸ್ವಲ್ಪ ದೂರಕ್ಕೇ ಬ್ಯಾಟರಿ ತಳ ಕಂಡು, ಕಾರು ಹತ್ತಿಸುವುದರ ಜೊತೆಗೆ ಬ್ಯಾಟರಿ ತುಂಬಿಸುವ ಕೆಲಸವೂ ಎಂಜಿನ್ನಿನ ತಲೆಗೆ ಬೀಳುತ್ತಿತ್ತು. ಪೆಟ್ರೋಲನ್ನು ಕರೆಂಟ್ ಮಾಡಿ, ಆ ಕರೆಂಟನ್ನು ಮತ್ತೆ ಚಕ್ರಕ್ಕೆ ಕೊಡುವಾಗ ಪ್ರತಿ ಹಂತದಲ್ಲೂ ಸೋರಿಕೆ. ಏರಿನಲ್ಲಿ ಎಂಜಿನ್ ಓಡಲಿ ಬಿಡಿ. 40ರ ಆಸುಪಾಸಿನಲ್ಲಿ, ಮುಳ್ಳು ಪವರ್ ಪಟ್ಟಿಗೆ ಹಾರದ ಹಾಗೆ ಒಂದೇ ಸಮ ಒತ್ತಿ. ಹಿಂದೆ ಬಸ್ಸು ಬಂದರೆ ಅಗಲ ಇದ್ದಲ್ಲಿ ಬದಿಗೆ ಸರಿದು ಬಿಟ್ಟುಕೊಡುತ್ತೇನೆ, ನನ್ನ ಮೈಲೇಜಿಗಾಗಿ ಅವರು ಯಾಕೆ ಕಾಯಬೇಕು?

ಕುಶಾಲನಗರದ ದಾರಿ ಮಾತ್ರ ಈ ಕಾರಿಗೆಂದೇ ಮಾಡಿದ ಹಾಗಿದೆ. ಬೋಯಿಕೇರಿ, ಕೆದಕಲ್, ಸುಂಟಿಕೊಪ್ಪ, ಏಳನೇ ಹೊಸಕೋಟೆ, ಒಂದಿಷ್ಟು ಇಳಿತ, ಮಧ್ಯೆ ಸಣ್ಣ ಏರು, ಮತ್ತೆ ಇಳಿತ. ಕೊಡ ತುಂಬುತ್ತದೆ, ಬಳಸುತ್ತೇವೆ, ಮತ್ತೆ ತುಂಬುತ್ತದೆ. ಏರಿನ ನೆತ್ತಿ ಕಾಣುತ್ತಿದ್ದಂತೆ ಕಾಲು ಸಡಿಲಿಸಿ ಉಳಿದದ್ದನ್ನು ಬ್ಯಾಟರಿಗೆ ಬಿಡುತ್ತೇನೆ, ಆಚೆ ಇಳಿಜಾರು ಅದನ್ನು ತುಂಬಿಕೊಡುತ್ತದೆ ಎಂದು ಗೊತ್ತಲ್ಲ. ದಾರಿ ಬಾಯಿಪಾಠ ಇದ್ದವನಿಗೆ ಸಿಗುವ ಲಾಭ ಇದು. ಆನೆಕಾಡಿನಲ್ಲಿ ಮೈಲೇಜ್ ಮರೆತು ರಸ್ತೆ ನೋಡುವುದು ಒಳ್ಳೆಯದು. ತೋಟದ ಕೆಲಸಕ್ಕೆ ಬೆಳಿಗ್ಗೆ ನಡೆದು ಹೋಗುವವರಿದ್ದಲ್ಲಿ ಇನ್ನೂ ಎಚ್ಚರ ಬೇಕು, ಬ್ಯಾಟರಿಯಲ್ಲಿ ಹೋಗುವಾಗ ಈ ಕಾರಿನ ಸದ್ದು ಅವರಿಗೆ ಕೇಳುವುದೇ ಇಲ್ಲ.

ಮೈಸೂರು ಕಡೆಯ ಸಮತಟ್ಟಿನಲ್ಲಿ 70ಕ್ಕೆ ಏರಿಸಿ, ಕಾಲು ಬಿಟ್ಟು 55ರವರೆಗೆ ತೇಲಿಸಿ, ಮತ್ತೆ ಏರಿಸುವ ವಿದ್ಯೆಯನ್ನೂ ಪಿರಿಯಾಪಟ್ಟಣದವರೆಗೆ ಮಾಡಿ ನೋಡಿದೆ. ಮೈಲೇಜ್ ಬಂತು ನಿಜ. ಹೆಂಡತಿಗೆ ವಾಂತಿಯೂ ಬಂತು. ಈಗ 65ರಲ್ಲಿ ಒಂದೇ ಸಮ ಹೋಗುತ್ತೇನೆ.

ಟಯರ್ ಗಾಳಿ ಹದಿನೈದು ದಿನಕ್ಕೊಮ್ಮೆ, ಟಯರ್ ತಣ್ಣಗಿರುವಾಗ, ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು. ಲೆಕ್ಕಕ್ಕೆ ಕಾರಿನ ಪರದೆಯನ್ನು ನಂಬುವುದಿಲ್ಲ. ಒಂದೇ ಪಂಪಿನಲ್ಲಿ, ಮೊದಲ ಸಲ ತಾನಾಗಿ ನಿಲ್ಲುವವರೆಗೆ ತುಂಬಿಸಿ ಭಾಗಿಸುತ್ತೇನೆ. ನನ್ನ ಕಾರಿನಲ್ಲಿ ಪರದೆ ಒಂದು ಕಿ.ಮೀ. ಹೆಚ್ಚೇ ಹೇಳುತ್ತದೆ. ಈಗ ಸರಾಸರಿ 23, ಬರೀ ಕುಶಾಲನಗರ ಓಡಾಟದ ವಾರ 25, ಮಳೆಗಾಲದಲ್ಲಿ 20.

ಬಗೆಹರಿಯದೆ ಉಳಿದದ್ದು ಡಿಸೆಂಬರಿನ ಚಳಿ. ಹೀಟರಿಗೆ ಬಿಸಿ ಬರುವುದು ಎಂಜಿನ್ನಿನ ನೀರಿನಿಂದ. ಬೆಳಿಗ್ಗೆ ಏಳಕ್ಕೆ ಹೀಟರ್ ಹಾಕಿದರೆ, ಇಳಿಜಾರಿನಲ್ಲಿ ಸುಮ್ಮನಿರಬೇಕಾದ ಎಂಜಿನ್ ನೀರು ಕಾಯಿಸಲೆಂದೇ ಓಡುತ್ತದೆ. ಇದನ್ನು ಮನೆಯಲ್ಲಿ ವಿವರಿಸಿ ಹೇಳಿ, ಒಂದು ದಿನ ಹೀಟರ್ ಇಲ್ಲದೆ ಕುಶಾಲನಗರದವರೆಗೆ ಕರೆದುಕೊಂಡು ಹೋದೆ. "ಉಳಿದ ಪೆಟ್ರೋಲಿನಲ್ಲಿ ನನಗೊಂದು ಕಂಬಳಿ ತೆಗೆದುಕೊಡಿ" ಅಂದಳು. ಈಗ ಮೊದಲ ಏರು ಸಿಗುವವರೆಗೆ ಶಾಲು, ಅಲ್ಲಿ ಎಂಜಿನ್ ಹೇಗೂ ಓಡಬೇಕಾದಾಗ ಹೀಟರ್.