ಸಲ್ಲಿಸಿದ ಲೇಖನದ ಸ್ಥಿತಿಯನ್ನು ನಾನು ಓದುವ ಬಗೆ

ಜರ್ನಲ್‌ಗೆ ಸಂಶೋಧನಾ ಲೇಖನ ಸಲ್ಲಿಸಿದ ಮೇಲೆ ಲೇಖಕರ ಖಾತೆಯಲ್ಲಿ ಕಾಣುವ ಒಂದು ಸಾಲಿನ ಸ್ಥಿತಿಯನ್ನು ನಾನು ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಓದುತ್ತೇನೆ: ಕಡತ ಈಗ ಯಾರ ಮೇಜಿನ ಮೇಲಿದೆ? ಲೇಖನ ಅವರಿಗೆ ಹಿಡಿಸಿತೇ ಎಂಬುದನ್ನು ಆ ಸಾಲಿನಲ್ಲಿ ಹುಡುಕಿ ಫಲವಿಲ್ಲ.

ಜರ್ನಲ್‌ಗಳು ಲೇಖನಗಳನ್ನು ನಿರ್ವಹಿಸಲು ಬಳಸುವ ಎಡಿಟೋರಿಯಲ್ ಮ್ಯಾನೇಜರ್ ತಂತ್ರಾಂಶದ 'ವಿತ್ ಎಡಿಟರ್' ಎಂಬ ಸ್ಥಿತಿಯೇ ನನ್ನನ್ನು ಹೆಚ್ಚು ಕಾಯಿಸಿದ್ದು. ಸಂಪಾದಕರು ಲೇಖನವನ್ನು ಇನ್ನೂ ತೆರೆದಿಲ್ಲದಿರಬಹುದು, ವಿಮರ್ಶೆಗೆ, ಎಂದರೆ ಅದೇ ಕ್ಷೇತ್ರದ ಬೇರೆ ತಜ್ಞರ ಪರಿಶೀಲನೆಗೆ, ಕಳುಹಿಸದೆಯೇ ಮರಳಿಸುವ ಯೋಚನೆಯಲ್ಲಿರಬಹುದು, ಇಲ್ಲವೇ ವಿಮರ್ಶಕರನ್ನು ಹುಡುಕುತ್ತಿರಬಹುದು. ಈ ಮೂರಕ್ಕೂ ಇರುವುದು ಅದೊಂದೇ ಹೆಸರು. ವಿಮರ್ಶೆಯಿಲ್ಲದ ತಿರಸ್ಕಾರ ಸಾಮಾನ್ಯವಾಗಿ ಬೇಗನೆ ಬರುವುದರಿಂದ, ಈ ಸ್ಥಿತಿ ಬಹಳ ಕಾಲ ಕದಲದಿದ್ದರೆ ವಿಮರ್ಶೆಗೆ ಆಹ್ವಾನಿತರಾದವರು ಒಬ್ಬರಾದ ಮೇಲೊಬ್ಬರು ನಿರಾಕರಿಸುತ್ತಿರಬೇಕೆಂದು ಊಹಿಸುತ್ತೇನೆ. ಇಂಥದೇ ಇನ್ನೊಂದು ತಂತ್ರಾಂಶವಾದ ಸ್ಕಾಲರ್‌ಒನ್‌ನಲ್ಲಿ 'ಅವೇಟಿಂಗ್ ರಿವ್ಯೂವರ್ ಸೆಲೆಕ್ಷನ್' (ವಿಮರ್ಶಕರ ಆಯ್ಕೆ ಬಾಕಿ), 'ಅವೇಟಿಂಗ್ ರಿವ್ಯೂವರ್ ಸ್ಕೋರ್ಸ್' (ವಿಮರ್ಶಕರ ವರದಿ ಬಾಕಿ) ಎಂದು ಹಂತಗಳನ್ನು ಬಿಡಿಬಿಡಿಯಾಗಿ ತೋರಿಸುವ ವ್ಯವಸ್ಥೆಯಿದ್ದರೂ, ಎಷ್ಟು ತೋರಿಸಬೇಕೆಂಬುದು ಜರ್ನಲ್‌ಗೆ ಬಿಟ್ಟದ್ದು. ಎಲ್ಲವನ್ನೂ 'ಅಂಡರ್ ರಿವ್ಯೂ' ಎಂಬುದರೊಳಗೇ ಅಡಗಿಸುವವರೂ ಇದ್ದಾರೆ. ಆದ್ದರಿಂದ ಒಂದು ಜರ್ನಲ್‌ನಲ್ಲಿ ಕಂಡ ಸ್ಥಿತಿಯ ಅರ್ಥವನ್ನು ಇನ್ನೊಂದಕ್ಕೆ ಹಚ್ಚುವುದಿಲ್ಲ.

ಹೊಸಬರನ್ನು ಹೆಚ್ಚು ಗಾಬರಿಗೊಳಿಸುವುದು ಹಿಮ್ಮುಖ ಚಲನೆ. 'ಅಂಡರ್ ರಿವ್ಯೂ' ಇದ್ದದ್ದು ಮತ್ತೆ 'ವಿತ್ ಎಡಿಟರ್' ಆದಾಗ, ಒಪ್ಪಿಕೊಂಡಿದ್ದ ವಿಮರ್ಶಕರು ಹಿಂದೆ ಸರಿದಿರಬಹುದು, ಅಥವಾ ಗಡುವು ಮೀರಿದ್ದಕ್ಕೆ ಸಂಪಾದಕರೇ ಅವರನ್ನು ಕೈಬಿಟ್ಟಿರಬಹುದು. 'ರಿಕ್ವೈರ್ಡ್ ರಿವ್ಯೂಸ್ ಕಂಪ್ಲೀಟೆಡ್' ಎಂದರೂ ತೀರ್ಮಾನವಾಯಿತೆಂದಲ್ಲ. ನಿಗದಿಪಡಿಸಿದಷ್ಟು ವರದಿಗಳು ಬಂದಿವೆ ಎಂದಷ್ಟೇ. ನನ್ನದೊಂದು ಲೇಖನ ಆ ಹಂತ ಮುಟ್ಟಿ, ಪುನಃ ವಿಮರ್ಶೆಗೆ ಮರಳಿತು. ಎರಡು ವರದಿಗಳು ಪರಸ್ಪರ ವಿರುದ್ಧವಾಗಿದ್ದುದರಿಂದ ಮೂರನೆಯವರ ಅಭಿಪ್ರಾಯ ಕೇಳಿದ್ದೇವೆಂದು ಸಂಪಾದಕರ ನಿರ್ಣಯಪತ್ರದಲ್ಲಿ ಮುಂದೆ ತಿಳಿಯಿತು. ಬಂದ ನಿರ್ಣಯ 'ಮೇಜರ್ ರಿವಿಷನ್', ಎಂದರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳುಹಿಸಿ ಎಂದು. 'ಡಿಸಿಷನ್ ಇನ್ ಪ್ರೊಸೆಸ್' ಕಂಡಾಗ ಮಾತ್ರ ನಿರ್ಣಯದ ಇಮೇಲ್ ಹತ್ತಿರದಲ್ಲಿದೆ ಎಂದುಕೊಳ್ಳುತ್ತೇನೆ, ಅದು ಸಿಹಿಯೋ ಕಹಿಯೋ ಎಂದಲ್ಲ.

ಸ್ಥಿತಿ ಹಾಗೆಯೇ ಉಳಿದು ಅದರ ಜೊತೆ ಕಾಣುವ ದಿನಾಂಕವಷ್ಟೇ ಬದಲಾಗುವುದೂ ಉಂಟು. ಹೊಸ ಆಹ್ವಾನ, ಒಪ್ಪಿಗೆ, ಒಂದು ವರದಿಯ ಆಗಮನ, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದಾದ್ದರಿಂದ ಅದರ ಬೆನ್ನು ಹತ್ತುವುದು ವ್ಯರ್ಥ. ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ಹಲವು ಜರ್ನಲ್‌ಗಳ ಟ್ರ್ಯಾಕಿಂಗ್ ಪುಟ ಎಷ್ಟು ಆಹ್ವಾನ ಹೋಗಿದೆ, ಎಷ್ಟು ಮಂದಿ ಒಪ್ಪಿದ್ದಾರೆ, ಎಷ್ಟು ವರದಿ ಬಂದಿವೆ ಎಂಬುದನ್ನೂ ತೋರಿಸುತ್ತದೆ. ಅದು ನಿಜಕ್ಕೂ ಉಪಯುಕ್ತ.

ಜರ್ನಲ್ ತಾನೇ ಪ್ರಕಟಿಸಿರುವ ಮೊದಲ ನಿರ್ಣಯದ ಸರಾಸರಿ ಅವಧಿ ಸಾಕಷ್ಟು ಮೀರಿದ ಮೇಲೆ ಸಂಪಾದಕೀಯ ಕಚೇರಿಗೆ ಪತ್ರ ಬರೆಯುತ್ತೇನೆ. ಹಸ್ತಪ್ರತಿ ಸಂಖ್ಯೆ, ಶೀರ್ಷಿಕೆ, ಸಲ್ಲಿಸಿದ ದಿನ, ಈಗ ಕಾಣುವ ಸ್ಥಿತಿ, ಮತ್ತು ನೇರವಾದ ಒಂದು ಪ್ರಶ್ನೆ ಇದ್ದರೆ ಸಾಕು. ವಿಮರ್ಶಕರೇ ಸಿಗುತ್ತಿಲ್ಲವೆಂದು ತೋರಿದರೆ, ನನ್ನೊಂದಿಗೆ ಸಹಲೇಖಕರಾಗಿರದ ಕೆಲವು ತಜ್ಞರ ಹೆಸರುಗಳನ್ನು ಸೂಚಿಸಲು ಸಿದ್ಧನೆಂದೂ ಸೇರಿಸುತ್ತೇನೆ. ಕೊನೆಗೆ ಹಿಂಪಡೆಯಲೇಬೇಕಾಗಿ ಬಂದರೂ, ಹಿಂಪಡೆದದ್ದಕ್ಕೆ ಲಿಖಿತ ದೃಢೀಕರಣ ಕೈಸೇರುವ ಮುನ್ನ ಬೇರೆಡೆ ಸಲ್ಲಿಸುವುದಿಲ್ಲ, ಏಕೆಂದರೆ ಏಕಕಾಲಕ್ಕೆ ಎರಡು ಜರ್ನಲ್‌ಗಳಲ್ಲಿ ಒಂದೇ ಲೇಖನವಿರುವುದು ಪ್ರಕಟಣಾ ನೀತಿಯ ಉಲ್ಲಂಘನೆ.